ಜೀಪು ಹುಗಿದವಳು

ನಮ್ಮ ಬಳಗದಲ್ಲಿ ನನಗೊಂದು ಅಡ್ಡಹೆಸರಿದೆ. ಜೀಪು ಹುಗಿದವಳು. ಮದುವೆ ಮನೆಯಿರಲಿ, ಕುಬಸದ ಕಾರ್ಯವಿರಲಿ, ಸತ್ತವರ ದಿನಕ್ಕೆ ಕೂಡಿದ ಮನೆಯೇ ಇರಲಿ, ಉಂಡು ಎಲೆ ಅಡಿಕೆ ಹಾಕಿಕೊಂಡ ಮೇಲೆ ಯಾರಾದರೊಬ್ಬರು ಆ ಕಥೆ ತೆಗೆಯಲೇಬೇಕು. ಎಳ್ಳಮಾವಾಸ್ಯೆಯ ದಿನ ಹೊಲದಿಂದ ತಿರುಗಿ ಬರುವಾಗ ಸ್ಟೇರಿಂಗ್ ನನ್ನ ಕೈಯಲ್ಲಿತ್ತಂತೆ. ಹಳ್ಳದ ನೀರು ನೋಡಿ ನನ್ನ ಎದೆ ಝಲ್ಲೆಂದಿತಂತೆ. ಕೈಕಾಲು ತಣ್ಣಗಾಗಿ, ನಡುಹಳ್ಳದಲ್ಲಿ ಗಾಡಿ ಬಂದ್ ಮಾಡಿ, ಮನೆಮಂದಿಯನ್ನೆಲ್ಲ ಉಸುಕಿನಲ್ಲಿ ಹುಗಿದೆನಂತೆ. ಕೊನೆಗೆ ಎತ್ತು ಕಟ್ಟಿ ಎಳೆದರಂತೆ. ಕಥೆ ಮುಗಿದ ಮೇಲೆ ಹೇಳುವ ಮಾತು ಕೂಡ ಇಷ್ಟು ವರ್ಷವಾದರೂ ಬದಲಾಗಿಲ್ಲ. "ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ನೋಡ್ರಿ."

ಎತ್ತು ಕಟ್ಟಿ ಎಳೆದದ್ದು ನಿಜ. ಹೆದರಿದೆನೆಂಬುದು ಶುದ್ಧ ಸುಳ್ಳು. ಜೀಪು ನಿಂತದ್ದಲ್ಲ, ನಾನು ನಿಲ್ಲಿಸಿದ್ದು. ತಿಳಿದೂ ತಿಳಿದೂ, ಬಲಗಾಲಿಟ್ಟು ಬ್ರೇಕ್ ಒತ್ತಿ ನಿಲ್ಲಿಸಿದ್ದು. ಹಾಗೆಂದು ಹೇಳಿದರೆ "ಆತ್ ಬಿಡವಾ, ಯಾರೇನ್ ಬೈತಾರ ನಿನಗ" ಎಂದು ನನ್ನನ್ನೇ ಸಮಾಧಾನ ಮಾಡುತ್ತಾರೆ. ನನ್ನ ಮೈ ಉರಿಯುವುದು ಅಲ್ಲಿಯೇ. ಬೈದರೆ ತಿರುಗಿ ಬೈಯಬಹುದು, ಸಮಾಧಾನ ಮಾಡುವವರಿಗೆ ಏನು ಮಾಡುವುದು? ಹಾಗಾಗಿ ಬರೆಯಲು ಕುಳಿತಿದ್ದೇನೆ. ನಗುವವರು ನಗಲಿ, ಆದರೆ ಕೊನೆಯವರೆಗೆ ಓದಿ ನಗಲಿ.

ಜೀಪು ನನ್ನ ಸೋದರಮಾವನದು. ಅವ್ವನ ತವರು ಕಾರಟಗಿ ಕಡೆಯ ಹಳ್ಳಿ. ಕಾಲುವೆ ನೀರು ಬಂದ ಮೇಲೆ ಅಲ್ಲಿಯವರ ಮಾತು, ನಡೆ, ಊಟದ ತಾಟು ಎಲ್ಲ ಬದಲಾಗಿತ್ತು. ಅವರು ಎರಡು ಹೊತ್ತು ಅನ್ನ ಉಣ್ಣುವವರು, ನಾವು ಯಲಬುರ್ಗಾ ತಾಲೂಕಿನ ಎರೆನೆಲದಲ್ಲಿ ರೊಟ್ಟಿ ತಿನ್ನುವವರು. ಮಾವ ಅವ್ವನ ಕೊನೆಯ ತಮ್ಮ, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು. ಮಿಲಿಟರಿಯವರು ಸಾಕಾಗಿ ಹರಾಜಿಗೆ ಹಾಕಿದ ಒಂದು ಜೀಪನ್ನು ಗಂಗಾವತಿಯ ಮಿಸ್ತ್ರಿಯೊಬ್ಬ ಎಲ್ಲಿಂದಲೋ ತಂದು, ನಟ್ಟು ಬೋಲ್ಟು ಬಿಗಿದು, ಮಾವನ ತಲೆಗೆ ಕಟ್ಟಿದ. ಬಾಗಿಲಿಲ್ಲ, ಮೇಲೊಂದು ತೇಪೆ ಹಾಕಿದ ತಾಡಪತ್ರಿ. ಮುಂದಿನ ಗಾಜನ್ನು ಕೊಂಡಿ ಬಿಚ್ಚಿ ಬಾನೆಟ್ ಮೇಲೆ ಮಲಗಿಸಬಹುದಿತ್ತು. ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸದೆ ಅದು ಏಳುತ್ತಿರಲಿಲ್ಲ, ಎದ್ದರೆ ಓಣಿಯ ನಾಯಿಗಳೆಲ್ಲ ಏಳುತ್ತಿದ್ದವು.

ಭತ್ತದ ನಾಟಿಗೆ ಕಾಲುವೆ ಸೀಮೆಯಲ್ಲಿ ಆಳು ಸಾಲುತ್ತಿರಲಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಹೆಂಗಸರು ಗುಂಪು ಗುಂಪಾಗಿ ಹೋಗುತ್ತಿದ್ದರು. ಅವರನ್ನು ಗೊತ್ತು ಮಾಡಲು ಮಾವ ಬಸ್ಸು ಕಾಣದ ಊರುಗಳಿಗೆ ಜೀಪಿನಲ್ಲಿ ತಿರುಗುತ್ತಿದ್ದ. ನಡುವೆ ನಮ್ಮ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ. ಆಗ ನಾನು ಗಂಗಾವತಿಯಲ್ಲಿ ಪಿಯುಸಿ ಮುಗಿಸಿ, "ಇಷ್ಟ ಸಾಕು" ಎಂದ ಅಪ್ಪನ ಒಂದೇ ಮಾತಿಗೆ ಮನೆಯಲ್ಲಿ ಕುಳಿತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತಮ್ಮ ಕೊಪ್ಪಳದ ಹಾಸ್ಟೆಲ್ಲಿನಲ್ಲಿದ್ದ. ಅವನಿಗೆ ಓದು ಹತ್ತದಿದ್ದರೂ ಓದಿಸುತ್ತಿದ್ದರು, ನನಗೆ ಹತ್ತಿದರೂ ಬಿಡಿಸಿದ್ದರು. ಈ ಸಿಟ್ಟು ಬೇರೆಯದೇ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಒಂದು ದಿನ ಮಾವ ಚಹಾ ಕುಡಿಯುತ್ತಾ ಅವ್ವನಿಗೆ ಹೇಳಿದ. "ಅಕ್ಕಾ, ಹೆಣ್ಣಾಳು ಗಂಡಸರ ಮುಂದ ಬಾಯಿ ಬಿಡೂದಿಲ್ಲ. ಇಕಿನ್ನ ಜೋಡಿ ಕಳಸಿದ್ರ ಛಲೋ ಆಗತೈತಿ ನೋಡು."

ಟೂರಿಂಗ್ ಟಾಕೀಸಿಗೆ ಹೋಗಬೇಕಾದರೆ ಮನೆಯಲ್ಲಿದ್ದ ಅತ್ತೆಯನ್ನು ಕಾವಲಿಗೆ ಕಳಿಸುತ್ತಿದ್ದವಳು ನನ್ನವ್ವ. ಬಾವಿಗೆ ಹೋಗಿ ಬರಲು ತುಸು ತಡವಾದರೆ ಬಾಗಿಲಲ್ಲಿ ನಿಂತು "ಎಲ್ಲಿ ಹೋಗಿದ್ದಿ" ಎನ್ನುತ್ತಿದ್ದವಳು. ಅವಳು ಹಿಟ್ಟು ನಾದುವ ಕೈ ನಿಲ್ಲಿಸದೆ "ಹೋಗ್ಲಿ ಬಿಡು, ಅದಕ್ಕೇನೈತಿ" ಎಂದಳು. ಅಪ್ಪ ಕೇಳಿಸಿಕೊಂಡೂ ಸುಮ್ಮನಿದ್ದ. ಅಂದರೆ ಒಪ್ಪಿದ್ದ. ನನ್ನ ಮೇಲೆ ಇಷ್ಟು ಭರವಸೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಆ ರಾತ್ರಿ ಖುಷಿಯಲ್ಲಿ ನಿದ್ದೆ ಬರಲಿಲ್ಲ. ಹುಚ್ಚು ಖೋಡಿ, ನಿದ್ದೆ ಮಾಡಿದ್ದರಾದರೂ ಲಾಭವಿತ್ತು.

ಮೊದಮೊದಲು ಪಕ್ಕದಲ್ಲಿ ಕಂಬಿ ಹಿಡಿದು ಕೂಡುತ್ತಿದ್ದೆ. ಒಂದು ಸಲ ಕುಷ್ಟಗಿ ಕಡೆಯ ಗರಸು ನೆಲದಲ್ಲಿ ಮಾವ ಬೀಡಿ ಹೊತ್ತಿಸಲು ಗಾಡಿ ನಿಲ್ಲಿಸಿದಾಗ "ನಾನೂ ಹೊಡೀತೀನಿ" ಎಂದೆ. ಅವನು ನಗಲಿಲ್ಲ. ಅದೊಂದನ್ನು ಅವನ ಪರವಾಗಿ ಬರೆಯಲೇಬೇಕು, ಅವನು ನಗಲಿಲ್ಲ. ಇಳಿದು ಸುತ್ತು ಹಾಕಿ ಬಂದು ನನ್ನ ಜಾಗದಲ್ಲಿ ಕುಳಿತ. "ಸೀರಿ ಎತ್ತಿ ಸಿಗಿಸ್ಕೋ. ಕ್ಲಚ್ಚಿನ್ಯಾಗ ಸಿಕ್ಕೊಂಡೀತು."

ಹಳ್ಳದ ಒಣ ಉಸುಕಿನಲ್ಲಿ ಕಲಿಸಿದ. ಗೇರು ಇಳಿಸುವಾಗ ಎರಡು ಸಲ ಕ್ಲಚ್ ಒತ್ತುವುದು, ಮುಂದಿನ ಗಾಲಿಗೂ ಬಲ ಕೊಡುವ ಸಣ್ಣ ಲಿವರನ್ನು ಯಾವಾಗ ಎಳೆಯುವುದು, ಇಳಿಜಾರಿನಲ್ಲಿ ಬ್ರೇಕನ್ನು ಮರೆತು ಗೇರಿನ ಮೇಲೆ ಇಳಿಯುವುದು. ನನ್ನ ಹೆಬ್ಬೆರಳು ಸ್ಟೇರಿಂಗಿನ ಒಳಗೆ ಸುತ್ತಿಕೊಂಡದ್ದು ಕಂಡರೆ ಮಣಿಕಟ್ಟಿಗೆ ಪಟ್ಟೆಂದು ಬಾರಿಸುತ್ತಿದ್ದ. "ಹೆಬ್ಬಟ್ಟು ಹೊರಗಿಡು. ಗಾಲಿ ಕಲ್ಲಿಗೆ ಬಡೀತಂದ್ರ ಸ್ಟೇರಿಂಗ್ ತಾನ ತಿರುಗತೈತಿ. ಬಟ್ಟು ಲಟಕ್ ಅಂತ ಮುರಕೊಂತಿ." ಹಳ್ಳ ದಾಟುವುದಕ್ಕೆ ಒಂದೇ ನೇಮ. "ನೀರಿಗೆ ಇಳದ ಮ್ಯಾಲೆ ಏನರ ಆಗ್ಲಿ, ನಿಂದ್ರಸಬ್ಯಾಡ. ನಿಂದ್ರಿಸಿದಿ ಅಂದ್ರ ನೀರು ಗಾಲಿ ಬುಡದ ಉಸುಕು ಕೊರೀತೈತಿ. ಎಮ್ಮಿ ಕುಂತಂಗ ಕುಂತ್ಬಿಡತೈತಿ ಗಾಡಿ." ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಈ ನೇಮ ನನಗೆ ಗೊತ್ತಿತ್ತು. ಬಾಯಿಪಾಠವಿತ್ತು.

ಎರಡು ವರ್ಷ ತಿರುಗಿದೆವು. ಆಳು ಮಾತಾಡಿಸುವುದು ಅರ್ಧ ದಿನದ ಕೆಲಸ, ಉಳಿದರ್ಧ ನಮ್ಮದೇ. ಕುಕನೂರಿನ ಆಚೆಗೆ ಎರೆಹೊಲದ ಬಂಡಿದಾರಿಯಲ್ಲಿ ಮಳೆ ಹಿಡಿದರೆ ಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಗಾಲಿಯೇ ತಿರುಗದಂತಾಗುತ್ತಿತ್ತು. ಕುಡುಗೋಲಿನಿಂದ ಕೆರೆದು, ನಾಲ್ಕು ಮಾರು ಹೋಗಿ, ಮತ್ತೆ ಕೆರೆಯುತ್ತಿದ್ದೆವು. ಗಂಗಾವತಿ ಸೀಮೆಯ ಬಂಡೆಗುಡ್ಡಗಳ ಸಂದಿನಲ್ಲಿ ದಾರಿ ಇದೆಯೋ ಇಲ್ಲವೋ ನೋಡಲು ನಾನು ಇಳಿದು ಮುಂದೆ ನಡೆಯುತ್ತಿದ್ದೆ. ಇಲ್ಲವೆಂದು ಕಂಡರೂ ಇದೆಯೆಂದು ಕೈ ಬೀಸುತ್ತಿದ್ದೆ. ಮಾವ ಬೈಯುತ್ತಲೇ ಬರುತ್ತಿದ್ದ, ಗಾಡಿಯೂ ಹೇಗೋ ಬರುತ್ತಿತ್ತು. ಕಾರೆಹಣ್ಣು, ಕವಳಿಹಣ್ಣು ಹರಿದು ತಿಂದದ್ದು, ಕುರಿಗಾರರ ಹಟ್ಟಿಯಲ್ಲಿ ಬಿಸಿ ಹಾಲು ಕುಡಿದದ್ದು, ರೇಡಿಯೇಟರಿಗೆ ಕೆರೆಯಿಂದ ಕೊಡದಲ್ಲಿ ನೀರು ಹೊತ್ತದ್ದು, ಇವೆಲ್ಲ ನನ್ನ ಜೀವದ ಒಳ್ಳೆಯ ದಿನಗಳು. ಸುಳ್ಳು ಹೇಳುವುದಿಲ್ಲ.

ಒಂದು ಸಲ ಮೋರ್ಯರ ಗುಡ್ಡಕ್ಕೆ ಹೋದೆವು. ಹಿಂದೆ ಯಾವ ಕಾಲದಲ್ಲೋ ಗೇಣುದ್ದದ ಜನ ಇದ್ದರು, ಅವರು ಕಲ್ಲು ಚಪ್ಪಡಿಗಳಲ್ಲಿ ಮನೆ ಕಟ್ಟಿಕೊಂಡಿದ್ದರು ಎಂದು ಅಜ್ಜಿಯಿಂದ ಕೇಳಿದ್ದೆ. ಜೀಪು ಹೋಗುವಷ್ಟು ಹೋಗಿ, ಬುಡದಲ್ಲಿ ಬಿಟ್ಟು ಹತ್ತಿದೆವು. ಮೇಲೆ ನೋಡಿದರೆ ಊರಿಗೆ ಊರೇ. ಸಾಲು ಸಾಲು ಕಲ್ಲುಮನೆಗಳು, ಕೆಲವಕ್ಕೆ ಗೋಡೆಯಲ್ಲಿ ದುಂಡನೆಯ ಕಿಂಡಿ. ಒಂದು ದೊಡ್ಡ ದುಂಡುಗಲ್ಲನ್ನು ಬಡಿದರೆ ನಗಾರಿಯ ಹಾಗೆ ದನಿ ಬರುತ್ತಿತ್ತು. ನಾನು ಬಡಿದೆ, ಗುಡ್ಡ ಮಾತಾಡಿತು. ನಮ್ಮೂರಲ್ಲಿ ನನ್ನ ವಾರಗೆಯ ಹುಡುಗಿಯರು ಆ ಹೊತ್ತಿಗೆ ಕಿನ್ನಾಳದ ಗೌರಿಗೊಂಬೆಯ ಹಾಗೆ ಅರಿಷಿಣ ಹಚ್ಚಿಸಿಕೊಂಡು, ತಲೆ ತಗ್ಗಿಸಿ, ಹೆಣ್ಣು ನೋಡಲು ಬಂದವರ ಮುಂದೆ ಕೂಡುತ್ತಿದ್ದರು. ನಾನು ಮಾತ್ರ ಗುಡ್ಡದ ಮೇಲಿದ್ದೆ. ನನಗೆ ಯಾಕೆ ಯಾರೂ ಗಂಡು ನೋಡುತ್ತಿಲ್ಲವೆಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಊರುಗಳಲ್ಲಿ ಮಾತ್ರ ಒಂದೇ ಗೋಳು. ಊರಬಾಗಿಲ ಅಗಸಿಯ ಮುಂದೆ ಜೀಪು ನಿಲ್ಲಿಸಿದರೆ ಕಟ್ಟೆಯ ಮೇಲಿನ ಹಿರಿಯರು ಬಂದು ಸುತ್ತುವರಿಯುವರು. ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕುಳಿತಿದ್ದರೂ ಕೇಳುವರು, "ಡ್ರೈವರ ಎಲ್ಲಿ ಹೋಗ್ಯಾನ?"

"ನಾನ ರೀ," ಎನ್ನುತ್ತಿದ್ದೆ.

ಅವರು ನನ್ನನ್ನು ಬಿಟ್ಟು ಮಾವನ ಕಡೆ ತಿರುಗುವರು. "ಹೌದೇನ್ರಿ ಧಣ್ಯಾರ?"

ಮಾವ ಹೂಂ ಎಂದರೆ ಮಾತ್ರ ಅದು ನಿಜ. ನನ್ನ ಕೈ ಕಣ್ಣಿಗೆ ಕಾಣುತ್ತಿತ್ತು, ಸ್ಟೇರಿಂಗ್ ಕಾಣುತ್ತಿತ್ತು, ಆದರೂ ಅದಕ್ಕೊಬ್ಬ ಗಂಡಸಿನ ಸಾಕ್ಷಿ ಬೇಕು. ಮೊದಲು ನಗುತ್ತಿದ್ದೆ, ಆಮೇಲೆ ಹಲ್ಲು ಕಡಿಯುತ್ತಿದ್ದೆ. ಮಾವನಿಗೆ ಹೇಳಿದೆ, "ಲೈಸೆನ್ಸ್ ಇದ್ರ ಇವರ ಮುಖಕ್ಕ ಹಿಡೀಬಹುದು ಮಾಮಾ." ಅವನು ಒಪ್ಪಿದ. ಆಗ ನಮ್ಮ ಜಿಲ್ಲೆ ರಾಯಚೂರು. ಎಳ್ಳಮಾವಾಸ್ಯೆ ಮುಗಿಸಿ ಮರುವಾರ ರಾಯಚೂರಿಗೆ ಹೋಗಿ ಲೈಸೆನ್ಸ್ ಮಾಡಿಸುವುದೆಂದು ಮಾತಾಯಿತು. ಅಪ್ಪನೂ ಗೋಣು ಹಾಕಿದ. ನನಗೆ ಹಬ್ಬ ಯಾವಾಗ ಮುಗಿದೀತೋ ಎಂದಾಯಿತು. ಬಂಗಾರ ಬೇಡ, ಸೀರೆ ಬೇಡ, ನನ್ನ ಫೋಟೋ ಹಚ್ಚಿದ ಆ ಒಂದು ಕಾಗದ ಬೇಕಿತ್ತು.

ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುವುದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡಬು ಬುಟ್ಟಿಯಲ್ಲಿ ಕಟ್ಟಿಕೊಂಡು, ಬೆಳೆಯ ನಡುವೆ ನಡೆಯುತ್ತಾ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಕೂತು ಉಂಡು ಬರುವುದು. ಆ ಸಲ ಬಂಡಿ ಬಿಟ್ಟು ಜೀಪು. ಹಬ್ಬದ ಹಿಂದಿನ ದಿನಗಳಲ್ಲಿ ಕಾಲವಲ್ಲದ ಕಾಲಕ್ಕೆ ಮಳೆಯಾಗಿ ಊರಿಗೂ ಹೊಲಕ್ಕೂ ನಡುವಿನ ಹಳ್ಳದಲ್ಲಿ ಮೊಣಕಾಲು ಮಟ್ಟದ ನೀರಿತ್ತು. ಹೋಗುವಾಗ ನಾನೇ ಹೊಡೆದೆ. ಸರಾಗವಾಗಿ ದಾಟಿತು. ಅದನ್ನು ಯಾರೂ ಕಥೆಯಲ್ಲಿ ಹೇಳುವುದಿಲ್ಲ. ಬೆಳಿಗ್ಗೆ ದಾಟಿಸಿದವಳೂ ನಾನೇ.

ಉಂಡು, ಜೋಳದ ಹೊಲದಲ್ಲಿ ಅಡ್ಡಾಡಿ, ಹೊತ್ತು ಇಳಿಯುವಾಗ ಹೊರಟೆವು. ಪಕ್ಕದಲ್ಲಿ ಮಾವ, ಹಿಂದೆ ಅಪ್ಪ, ಅವ್ವ, ನಮ್ಮ ಮನೆಯಲ್ಲೇ ಇದ್ದ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ. ಅತ್ತೆಯ ತೊಡೆಯ ಮೇಲೆ ಉಳಿದ ಹೋಳಿಗೆಯ ಬುಟ್ಟಿ. ನೀರಿಗೆ ಇಳಿಸುವ ಮೊದಲು ಸಣ್ಣ ಲಿವರ್ ಎಳೆದೆ, ಗೇರು ಇಳಿಸಿದೆ, ಹೆಬ್ಬೆರಳು ಹೊರಗಿಟ್ಟೆ. ಎಲ್ಲ ಸರಿಯಿತ್ತು. ಅತ್ತೆಗೆ ಸುಮ್ಮನೆ ಕೂಡಲಾಗಲಿಲ್ಲ.

"ಅಲ್ಲೋ ತಮ್ಮಾ," ಎಂದಳು ಮಾವನಿಗೆ. "ರಾಯಚೂರಿಗೆ ಈಗ ಯಾಕ ಬಡಕೊಂಡು ಹೋಗತೀರಿ? ಯುಗಾದಿ ಆದ ಮ್ಯಾಲೆ ಅಕ್ಕಿಕಾಳು ಬೀಳತಾವು, ಹೆಂಗೂ ನಿನ್ನ ಮನಿಗೇ ಬರತಾಳ. ಆಮ್ಯಾಲೆ ಲೈಸೆನ್ಸರ ಕೊಡಸು, ಮತ್ತೊಂದರ ಕೊಡಸು."

ನನಗೆ ತಿಳಿಯಲಿಲ್ಲ. "ಯಾರು ಬರ್ತಾರ ಅತ್ತಿ? ಯಾರ ಮನಿಗೆ?"

ಅತ್ತೆ ನಕ್ಕಳು. "ನಾಚಿಕಿ ನೋಡು ಇಕಿದು! ಎರಡು ವರ್ಷಾತು ಅವನ ಜೋಡಿ ಅಡವಿ ಗುಡ್ಡ ತಿರುಗಿ. ಈಗ ಯಾರ ಮನಿಗೆ ಅಂತಾಳ!"

ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಇದ್ದದ್ದೇ. ಕಳ್ಳುಬಳ್ಳಿಯ ಸಂಬಂಧ ಹರಿಯಬಾರದು, ಹೊಲ ಹೊರಗೆ ಹೋಗಬಾರದು. ನನಗೇನು ಗೊತ್ತಿಲ್ಲದ ರೂಢಿಯಲ್ಲ. ಆದರೆ ನನ್ನ ತಲೆಯಲ್ಲಿ ಮಾಮ ಎಂದರೆ ಗೇರು ಕಲಿಸಿದವನು, ಮಣಿಕಟ್ಟಿಗೆ ಬಾರಿಸಿದವನು. ಅವನು ಗಂಡನಾದಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಹಿಂತಿರುಗಿ "ಅವ್ವಾ?" ಎಂದೆ, ಅವಳು ಅತ್ತೆಯ ಬಾಯಿ ಮುಚ್ಚಿಸುತ್ತಾಳೆಂದು.

ಅವ್ವ ನನ್ನನ್ನು ಹುಚ್ಚಿಯೆಂಬಂತೆ ನೋಡಿದಳು. "ಮತ್ತ ಯಾಕ ಬಿಟ್ಟೇವಂತ ತಿಳದೀ? ಇಲ್ಲಾಂದ್ರ ಬೆಳದ ಮಗಳನ್ನ ಗಂಡಸಿನ ಜೋಡಿ ಅಡವ್ಯಾಗ ಬಿಡತಾರೇನು ಯಾರರ?"

ಬ್ರೇಕ್ ಒತ್ತಿದ್ದು ಆಗ.

ಎರಡು ವರ್ಷ ನಾನು ಭರವಸೆ ಎಂದುಕೊಂಡಿದ್ದು ಭರವಸೆಯಲ್ಲ. ಮಾಲು ಮಾರಾಟವಾಗಿದೆ, ಕೊಂಡವನ ಕೈಯಲ್ಲಿದೆ, ಇನ್ನು ಕಾವಲು ಯಾಕೆ ಎಂಬ ನಿಶ್ಚಿಂತೆ. ಮೋರ್ಯರ ಗುಡ್ಡ, ಎರೆಮಣ್ಣು, ಹೆಬ್ಬೆರಳು, ಕಾರೆಹಣ್ಣು ಎಲ್ಲವೂ ನಿಶ್ಚಿತಾರ್ಥದ ಲೆಕ್ಕದಲ್ಲಿ ಜಮಾ ಆಗಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ, ಅಷ್ಟೆ. ನಾನು ಸ್ವಿಚ್ಚು ತಿರುವಿ ಎಂಜಿನ್ ಆರಿಸಿದೆ. ಸುತ್ತ ನೀರಿನ ಸಪ್ಪಳವೊಂದೇ ಉಳಿಯಿತು.

"ಯಾರು ಯಾವಾಗ ಮಾತಾಡೀರಿ?" ಎಂದೆ. "ನನ್ನ ಯಾರು ಕೇಳ್ಯಾರ? ಹೇಳೂತನಕ ಗಾಡಿ ಮುಂದ ಹೋಗೂದಿಲ್ಲ."

"ಯವ್ವಾ, ಹಳ್ಳದಾಗ ನಿಂದ್ರಿಸ್ಯಾಳಲ್ಲೋ!" ಅತ್ತೆ ಕೂಗಿದಳು. ಅಪ್ಪ "ಮೊದ್ಲು ದಂಡಿಗೆ ಹತ್ತಸು, ಆಮ್ಯಾಲೆ ಮಾತು" ಎಂದ. ದಂಡೆಗೆ ಹತ್ತಿದ ಮೇಲೆ ಮಾತು ಇರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಯಲ್ಲಿ ನನ್ನ ಮಾತಿಗೆ ಉತ್ತರ ಸಿಗಬೇಕಾದರೆ ಎಲ್ಲರೂ ನೀರಿನ ನಡುವೆ ಕೂತಿರಬೇಕಿತ್ತು. ಮಾವನ ಕಡೆ ತಿರುಗಿದೆ. "ಮಾಮಾ, ಇದು ಖರೇನಾ?"

ಅವನು ನನ್ನನ್ನು ನೋಡಲಿಲ್ಲ. ಬಗ್ಗಿ ಮುಂದಿನ ಗಾಲಿ ನೋಡುತ್ತಿದ್ದ. ಗಾಲಿ ಮೆಲ್ಲಗೆ ಕುಸಿಯುತ್ತಿತ್ತು. ಅವನು ಹೇಳಿದ ಹಾಗೆಯೇ, ಎಮ್ಮೆ ಕುಂತ ಹಾಗೆ, ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು. ನೀರು ಕಾಲ ಬುಡಕ್ಕೆ ಬಂತು, ಅತ್ತೆಯ ಬುಟ್ಟಿ ಜಾರಿ ಶೇಂಗಾ ಹೋಳಿಗೆ ತೇಲಿಹೋದವು. ಮಾವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹಳ್ಳಿಹಳ್ಳಿಯಲ್ಲಿ ನನಗೆ ಸಾಕ್ಷಿ ಹೇಳಿದವನು ತನ್ನ ವಿಷಯಕ್ಕೆ ಬಂದಾಗ ಗಾಲಿ ನೋಡುತ್ತಾ ಕೂತ.

ಹಬ್ಬದ ದಿನ, ಊರಿಗೆ ಊರೇ ಹೊಲದಿಂದ ಮರಳುವ ಹೊತ್ತು. ದಂಡೆಯ ಮೇಲೆ ಬಂಡಿಗಳ ಸಾಲು ನಿಂತಿತು. ಒಬ್ಬರು ಎರಡು ಜೋಡಿ ಎತ್ತು ಬಿಚ್ಚಿ ತಂದರು. ಕೊಂಬಿಗೆ ಬಣ್ಣ ಹಚ್ಚಿದ, ಗೆಜ್ಜೆ ಕಟ್ಟಿದ ಎತ್ತುಗಳು ಮಿಲಿಟರಿ ಜೀಪನ್ನು ಝಣ ಝಣ ಎಂದು ಎಳೆದವು. ನೋಡಲು ಚೆಂದವಿತ್ತು. ನಾನು ಹಸಿ ಸೀರೆಯಲ್ಲಿ ದಂಡೆಯ ಮೇಲೆ ನಿಂತಿದ್ದೆ. ಎತ್ತಿನವರು ಅಪ್ಪನನ್ನು ಕೇಳಿದರು, "ಏನಾತ್ರಿ?"

ಅಪ್ಪ ನನ್ನನ್ನೊಮ್ಮೆ ನೋಡಿದ, ಅವ್ವನನ್ನೊಮ್ಮೆ ನೋಡಿದ. ಮನೆಯ ಮಾತು ಹಳ್ಳದ ದಂಡೆಗೆ ಬರಬಾರದಲ್ಲ! "ಹುಡುಗಿ ನೀರು ನೋಡಿ ಹೆದರಿತ್ರಿ," ಎಂದ.

"ಹೆದರಿಲ್ಲ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಾನ ನಿಂದ್ರಿಸೀನಿ. ಬ್ರೇಕ್ ಹಾಕಿ ನಿಂದ್ರಿಸೀನಿ."

ಎತ್ತಿನವರು ಮಾವನ ಕಡೆ ತಿರುಗಿದರು. "ಹೌದೇನ್ರಿ ಧಣ್ಯಾರ?"

ಮಾವ ಹಗ್ಗದ ಗಂಟು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಇರಲಿ ಬಿಡ್ರಿ," ಎಂದ. "ಹೊಸಾ ಕೈ."

ಹೊಸಾ ಕೈ! ಎರಡು ವರ್ಷ, ಯಲಬುರ್ಗಾದಿಂದ ಆನೆಗೊಂದಿಯವರೆಗಿನ ಕಲ್ಲು ಮುಳ್ಳು ಕೆಸರು ದಾಟಿದ ಕೈ. ದಂಡೆಯವರೆಲ್ಲ ನಕ್ಕರು. ಕಥೆ ಹುಟ್ಟಿದ್ದು ಅಲ್ಲಿಯೇ, ಆ ಎರಡು ಮಾತಿನಿಂದ.

ರಾಯಚೂರಿಗೆ ಯಾರೂ ಹೋಗಲಿಲ್ಲ. "ಹಳ್ಳ ದಾಟಾಕ ಬರಲಾರದಾಕಿಗೆ ಲೈಸೆನ್ಸ್ ಯಾಕ" ಎಂದು ಅಪ್ಪ ಒಂದೇ ಮಾತಿಗೆ ಮುಗಿಸಿದ. ಅವನಿಗೆ ಒಂದೇ ಮಾತಿನ ಚಟ. ಮದುವೆಯ ಸುದ್ದಿಗೆ ನಾನು ಒಲ್ಲೆ ಎಂದೆ, ಅಳಲಿಲ್ಲ, ಉಪವಾಸ ಕೂಡಲಿಲ್ಲ, ಬರೀ ಒಲ್ಲೆ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಯುಗಾದಿಗೆ ಮೊದಲೇ ಮಾವ ತಾನು ಗಂಗಾವತಿಯ ಒಬ್ಬ ಶಿಕ್ಷಕಿಯನ್ನು ಮಾಡಿಕೊಳ್ಳುತ್ತೇನೆಂದು ಹೇಳಿದ. ಅವನು ಒಲ್ಲೆ ಎಂದದ್ದು ಎಲ್ಲರಿಗೂ ಕೇಳಿಸಿತು. ಮದುವೆ ಮುರಿಯಿತು. ಅವ್ವ ತವರಿನ ಮೆಟ್ಟಿಲು ಹತ್ತುವುದನ್ನು ಬಿಟ್ಟಳು.

ಆಗ ಊರ ಬಾಯಿ ತೆರೆಯಿತು. ಎರಡು ವರ್ಷ ಕಣ್ಣೆದುರು ಜೀಪು ಹೋದಾಗ ಒಬ್ಬರೂ ಒಂದು ಮಾತಾಡದವರು ಈಗ "ಗಂಡಸಿನ ಜೋಡಿ ಗುಡ್ಡ ಸುತ್ತಿದಾಕಿ, ಯಾರು ತೊಗೊಂತಾರ" ಎನ್ನತೊಡಗಿದರು. ಅದೇ ಜೀಪು, ಅದೇ ಗುಡ್ಡ, ಅದೇ ನಾನು. ಅವನು ಗಂಡನಾಗುವವನಾಗಿದ್ದಾಗ ಅದು ಸಂಸಾರ, ಆಗುವುದಿಲ್ಲವೆಂದ ಕೂಡಲೇ ಲಫಂಗತನ!

ಮಾವ ಮದುವೆಗೆ ಕರೆಯಲು ಬಂದ. ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದೆ. ಎದುರಿಗೆ ಬಂದು ಕುಳಿತ.

"ನನಗ ಮೊದ್ಲಿಂದ ಗೊತ್ತಿತ್ತು," ಎಂದ. "ಮನ್ಯಾಗ ಹಂಗ ತಿಳಕೊಂಡಾರ ಅಂತ. ನನ್ನ ಮನಸಿನ್ಯಾಗ ಎಂದೂ ಇರಲಿಲ್ಲ ಅದು, ದೇವರಾಣಿ. ಆದ್ರ ಇಲ್ಲ ಅಂತ ಹೇಳಿದ್ರ ನಿನ್ನ ಜೀಪಿನ ಹತ್ತರ ಬಿಡತಿದ್ರೇನು? ಮೋರ್ಯರ ಗುಡ್ಡ ನೋಡತಿದ್ದೇನು ನೀ? ಅದಕ್ಕ ಸುಮ್ಮನಿದ್ದೆ."

ಅವನ ಮುಖ ನೋಡಿದೆ. ಉಪಕಾರ ಮಾಡಿದವನ ಮುಖ. ನಾನು ಅವನ ಕಾಲು ಮುಟ್ಟುತ್ತೇನೆಂದು ಕಾಯುತ್ತಿದ್ದನೇನೋ.

"ನನಗರ ಹೇಳಬೇಕಿತ್ತು," ಎಂದೆ.

"ಹೇಳಿದ್ರ ನೀ ಹತ್ತತಿದ್ದೇನು?"

"ಅದನ್ನ ನನಗ ಬಿಡಬೇಕಿತ್ತು ಮಾಮಾ."

ಅವನಿಗೆ ಅರ್ಥವಾಗಲಿಲ್ಲ. "ಹಳ್ಳದಾಗ ಯಾಕ ಸುಮ್ಮನಾದಿ?" ಎಂದು ಕೇಳಿದೆ. ನೆಲ ಕೆರೆಯುತ್ತಾ, ನಿಲ್ಲಿಸಿದ್ದು ನಿಜವೆಂದರೆ ಯಾಕೆ ನಿಲ್ಲಿಸಿದಳು ಎನ್ನುತ್ತಿದ್ದರು, ಆಗ ತಾನು ಎಲ್ಲರ ಮುಂದೆ ಅಕ್ಕನಿಗೆ ಒಲ್ಲೆ ಎನ್ನಬೇಕಾಗುತ್ತಿತ್ತು ಎಂದ. ಅಂದರೆ ಅವನಿಗೆ ಒಂದು ಸಂಜೆಯ ಮುಜುಗರ ತಪ್ಪಿತು. ಅದಕ್ಕೆ ನನ್ನ ಸ್ಟೇರಿಂಗ್ ಹೋಯಿತು.

ಮುಂದೆ ಕೊಪ್ಪಳದ ಒಬ್ಬ ಸಾಲಿ ಮಾಸ್ತರರನ್ನು ಮದುವೆಯಾದೆ. ಒಳ್ಳೆಯ ಮನುಷ್ಯ, ಸೈಕಲ್ಲಿನ ಮನುಷ್ಯ. ನನಗೂ ಇಲಾಖೆಯೊಂದರಲ್ಲಿ ಅಂಗನವಾಡಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಎಂಬತ್ತರ ದಶಕವಿಡೀ ಇಲಾಖೆಯ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಅದೇ ಕುಷ್ಟಗಿ, ಅದೇ ಯಲಬುರ್ಗಾದ ಬಂಡಿದಾರಿಗಳಲ್ಲಿ ತಿರುಗಿದೆ. ಡ್ರೈವರ್ ಹೆಬ್ಬೆರಳು ಒಳಗೆ ಸುತ್ತಿ ಸ್ಟೇರಿಂಗ್ ಹಿಡಿಯುತ್ತಿದ್ದ. ಒಂದು ದಿನ ಹೇಳಿಯೇಬಿಟ್ಟೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ "ಮೇಡಮ್ಮಾರ, ನೀವು ಮಕ್ಕಳ ಉಪ್ಪಿಟ್ಟು ನೋಡ್ಕೋರಿ, ಗಾಡಿ ನನಗ ಬಿಡ್ರಿ" ಎಂದ. ಹಳ್ಳ ಬಂದಾಗಲೆಲ್ಲ ನನ್ನ ಬಲಗಾಲು ತಾನೇ ಒತ್ತುತ್ತಿತ್ತು, ಕೆಳಗೆ ಬರೀ ತಗಡಿತ್ತು. ಲೈಸೆನ್ಸ್ ಯಾಕೆ ಮಾಡಿಸಲಿಲ್ಲ ಎಂದು ಓದುವವರು ಕೇಳಬಹುದು. ಮಾಡಿಸಿರೆಂದು ಮನೆಯಲ್ಲೂ ಕೇಳಿದೆ, ಆಫೀಸಿನಲ್ಲೂ ಕೇಳಿದೆ. ಪ್ರತಿಸಲ ಯಾರಾದರೊಬ್ಬರಿಗೆ ಹಳ್ಳದ ಕಥೆ ಗೊತ್ತಿರುತ್ತಿತ್ತು. ನಕ್ಕುಬಿಡುತ್ತಿದ್ದರು.

ಹೋದ ಎಳ್ಳಮಾವಾಸ್ಯೆಗೆ ಮತ್ತೆ ಅದೇ ಹೊಲಕ್ಕೆ ಹೋಗಿದ್ದೆವು. ಅಪ್ಪ ಇಲ್ಲ, ಅವ್ವ ಇಲ್ಲ, ಅತ್ತೆಯೂ ಇಲ್ಲ. ಮಾವ ಇದ್ದಾನೆ, ತಲೆ ಬೆಳ್ಳಗಾಗಿದೆ, ಕೋಲು ಹಿಡಿದಿದ್ದಾನೆ. ತಮ್ಮನ ಮಗ ಕಾರು ಹೊಡೆಯುತ್ತಿದ್ದ. ಮಾವ ಅವನ ಪಕ್ಕದಲ್ಲಿ, ನಾನು ಹಿಂದೆ, ನನ್ನ ಜೊತೆಗೆ ತಮ್ಮನ ಸೊಸೆ ಮತ್ತು ಅವಳ ಸಣ್ಣ ಮಗಳು. ಈಗ ಆ ಹಳ್ಳಕ್ಕೆ ಸೇತುವೆಯಾಗಿದೆ. ಕಾರು ಸೇತುವೆಗೆ ಬಂದ ಕೂಡಲೇ ಮಗು ಕಿಟಕಿಗೆ ಮುಖ ಹಚ್ಚಿ ಕೇಳಿತು. "ಅಜ್ಜಿ ಜೀಪ್ ಹುಗಿದ ಹಳ್ಳ ಇದೇನಾ?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಏನನ್ನಿಸಿತೋ, ಮುಂದಿನ ಗಾಜಿನ ಕಡೆಯೇ ನೋಡುತ್ತಾ ಹೇಳಿದ. "ಆಕಿ ಹುಗೀಲಿಲ್ಲ. ಬ್ರೇಕ್ ಹಾಕಿ ನಿಂದ್ರಿಸಿದ್ಲು. ನಾ ಬಾಜೂಕ ಕುಂತಿದ್ದೆ, ನೋಡೀನಿ."

ತಮ್ಮನ ಮಗ ಕಾರಿನ ವೇಗ ಇಳಿಸಿದ.

"ಹೌದೇನ್ರಿ ಅಜ್ಜಾರ?" ಎಂದ ತಮ್ಮನ ಮಗ.

"ಹೌದು."

ಅಷ್ಟೇ. ಒಂದು ಹೌದಿಗೆ ಎಲ್ಲರೂ ನಂಬಿದರು. ಸೊಸೆ ನನ್ನ ಕೈ ಹಿಡಿದಳು. ತಮ್ಮನ ಮಗ ಕನ್ನಡಿಯಲ್ಲಿ ನನ್ನನ್ನು ನೋಡಿ ಮರುಗಿದ. "ಅಲ್ರಿ ಅತ್ತಿ, ಇಷ್ಟು ವರ್ಷ ನೀವ್ಯಾಕ ಹೇಳಲಿಲ್ಲ?"

ನಾನು ಹೇಳಲಿಲ್ಲವಂತೆ! ಹಸಿ ಸೀರೆಯಲ್ಲಿ ದಂಡೆಯ ಮೇಲೆ ನಿಂತು ಹೇಳಿದ್ದೆ. ಅವನ ಅಪ್ಪನಿಗೆ ಹೇಳಿದ್ದೆ, ಅವನ ಅವ್ವನಿಗೆ ಹೇಳಿದ್ದೆ, ಅವನದೇ ಮದುವೆಯ ಚಪ್ಪರದಲ್ಲಿ ಅವನಿಗೇ ಹೇಳಿದ್ದೆ. ಆಗ ಅವನು "ಇರಲಿ ಬಿಡ್ರಿ ಅತ್ತಿ" ಎಂದು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿಸಿದ್ದ. ನನಗೆ ಬಂದದ್ದು ಅಳುವಲ್ಲ, ಸಿಟ್ಟು.

"ಗಾಡಿ ನಿಂದ್ರಸು," ಎಂದೆ.

"ಯಾಕ್ರಿ ಅತ್ತಿ? ಏನಾತು?"

"ಏನೂ ಆಗಿಲ್ಲ. ನಾ ಹೇಳೀನಿ, ನಿಂದ್ರಸು."

ಅವನು ಪಕ್ಕಕ್ಕೆ ತಿರುಗಿ ಮಾವನ ಮುಖ ನೋಡಿದ.